ಮಡಿಕೆ ಬಿಚ್ಚದ ಏಳು ಅಂಗಿಗಳು

ಊರಿನ ಎರಡೂ ಫುಟ್‌ಬಾಲ್ ತಂಡಗಳ ಬಟ್ಟೆ ನಮ್ಮ ಲಾಂಡ್ರಿಗೇ ಬರುತ್ತಿತ್ತು. ಹಳದಿಯವರ ಮೂಟೆ ಎಡಗಡೆಯ ಯಂತ್ರದ ಮುಂದೆ, ಕೆಂಪಿನವರದು ಬಲಗಡೆ. ಕೆಂಪಿನವರ ಕೋಚ್ ನನ್ನ ಒಡಹುಟ್ಟಿದ ತಮ್ಮ. ಆದರೂ ಮೂವತ್ತು ವರ್ಷದಲ್ಲಿ ಒಂದು ಮೂಟೆಯ ಸುದ್ದಿ ಇನ್ನೊಂದಕ್ಕೆ ದಾಟಿರಲಿಲ್ಲ. ಬಟ್ಟೆ ಒಗೆಯುವವರಿಗೆ ಊರಿನ ಅರ್ಧ ಗುಟ್ಟು ಗೊತ್ತಿರುತ್ತದೆ. ಬಾಯಿ ಬಿಟ್ಟರೆ ಕಸುಬು ಮುಗಿಯಿತು.

ಆ ವರ್ಷ ಇಬ್ಬರ ಅಂಕವೂ ಸಮನಾಗಿತ್ತು, ಕೊನೆಯ ಪಂದ್ಯವೂ ಅವರವರ ನಡುವೆಯೇ. ಈ ಸಲ ಕಪ್ ಬಾರದಿದ್ದರೆ ಬೇರೆ ಕೋಚ್ ನೋಡಿಕೊಳ್ಳುತ್ತೇವೆ ಎಂದು ಕ್ಲಬ್ಬಿನವರು ತಮ್ಮನ ಮುಖಕ್ಕೇ ಹೇಳಿದ್ದರು.

ಪತ್ರಿಕೆಯಲ್ಲಿ ಎರಡೂ ತಂಡಗಳನ್ನು ತೂಗಿ ಬರೆದಿದ್ದರು. ಇಸ್ತ್ರಿ ಮೇಜಿನ ಮೇಲೆ ಹರಡಿಕೊಂಡು ಬೆರಳಿಟ್ಟು ಓದಿದೆ. ಮೈದಾನಕ್ಕಿಳಿಯುವ ಹನ್ನೊಂದು ಜನರ ಆಟದಲ್ಲಿ ಕೆಂಪಿನವರದೇ ಮೇಲುಗೈಯಂತೆ; ಬದಲಿಗೆ ಇಳಿಯಲು ಬೆಂಚಿನಲ್ಲಿ ಕಾಯುವವರ ಬಲದಲ್ಲಿ ಮಾತ್ರ ಹಳದಿಯವರ ಹತ್ತಿರ ಸುಳಿಯುವಂತಿಲ್ಲವಂತೆ.

ತಮ್ಮ ಬಂದವನೇ ಸ್ಟೂಲೆಳೆದು ಕೂತ. ಇದನ್ನು ಬರೆದವನು ಜನ್ಮದಲ್ಲಿ ಚೆಂಡು ಒದ್ದಿಲ್ಲ ಎಂದು ಹತ್ತು ನಿಮಿಷ ಬೈದ. ಕಣ್ಣು ಮಾತ್ರ ಎಡಗಡೆಯ ಮೂಟೆಯ ಮೇಲೇ ಇತ್ತು.

"ಅಕ್ಕಾ, ಅದರಲ್ಲಿ ಎಷ್ಟು ಅಂಗಿಗೆ ಮಣ್ಣು ಮೆತ್ತಿದೆ? ಯಾರದು ಅಂತ ಹೇಳ್ಬೇಡ, ಎಷ್ಟು ಅಂತ ಹೇಳಿದ್ರೆ ಸಾಕು."

"ಅದರ ಗೊಡವೆ ನಿನಗೆ ಬೇಡ. ನಿನ್ನ ಮೂಟೆ ಬಿಚ್ಚಿ ನೋಡ್ಕೋ."

ಗೊಣಗುತ್ತಲೇ ಬಿಚ್ಚಿದ. ಕೊಳೆಯಾದದ್ದು ಒಂದು ಕಡೆ, ಆಗದ್ದು ಒಂದು ಕಡೆ ಹಾಕು ಎಂದೆ. ಹನ್ನೊಂದು ಅಂಗಿ ಕೆಸರು ಒಣಗಿ ರಟ್ಟಿನ ಹಾಗಿದ್ದವು. ಉಳಿದ ಏಳರಲ್ಲಿ ನನ್ನ ಇಸ್ತ್ರಿಯ ಮಡಿಕೆ ಕೂಡ ಬಿಚ್ಚಿರಲಿಲ್ಲ.

"ಎಷ್ಟು ವಾರದಿಂದ ಹೀಗೆ?" ಎಂದ, ಮೆಲ್ಲಗೆ.

"ಹನ್ನೆರಡು. ಒಗೆದಿದ್ದನ್ನೇ ಒಗೀತಾ ಇದ್ದೀನಿ."

"ಏನ್ ಮಾಡ್ಲಿ, ಧೈರ್ಯ ಬರಲ್ಲ. ಆ ಹನ್ನೊಂದು ಜನ ಯಾವತ್ತೂ ನನ್ನ ಕೈ ಬಿಟ್ಟವರಲ್ಲ."

"ಅವರು ಕೈ ಬಿಡಲ್ಲ ಕಣೋ, ಅವರ ಕಾಲೇ ಸೋತಿದೆ. ಕೊನೇ ಅರ್ಧ ಗಂಟೆ ಓಡ್ತಾರೋ, ಸಂತೆ ಮುಗಿಸಿ ಮನೆಗೆ ಹೋಗ್ತಾರೋ ಗೊತ್ತಾಗಲ್ಲ."

ಅವನು ಆ ಏಳು ಅಂಗಿಗಳನ್ನು ಎತ್ತಿಕೊಂಡು ಹೊರಟ. ಚಿಕ್ಕಂದಿನಿಂದಲೂ ಹಾಗೆಯೇ, ಒಪ್ಪದಿದ್ದರೆ ವಾದ, ಒಪ್ಪಿದರೆ ನೇರ ಕೆಲಸಕ್ಕೆ. ಆ ವಾರವೆಲ್ಲ ಬೆಂಚಿನ ಏಳೂ ಜನರಿಗೆ ಅಭ್ಯಾಸದಲ್ಲಿ ಬೆವರಿಳಿಸಿದನೆಂದು ಆಮೇಲೆ ತಿಳಿಯಿತು.

ಭಾನುವಾರ ನಾನು ಕೆಂಪಿನವರ ಬೆಂಚಿನ ಹಿಂದಿನ ಸಾಲಿನಲ್ಲೇ ಕೂತಿದ್ದೆ. ಒಂದು ಗಂಟೆಯ ಆಟಕ್ಕೆ ಒಂದೊಂದು ಗೋಲು. ಅಷ್ಟರಲ್ಲಿ ಹಳದಿಯವರು ಮೂವರು ಹೊಸಬರನ್ನು ಇಳಿಸಿದರು. ನಮ್ಮವರು ನಾಲಿಗೆ ಹೊರಗೆ ಹಾಕಿಕೊಂಡು ಅವರ ಹಿಂದೆ ಓಡಿದರು. ತಮ್ಮ ಎದ್ದು ತನ್ನ ನೆಚ್ಚಿನ ನಾಯಕನನ್ನೇ ಹೊರಗೆ ಕರೆದ. ಗೂಳಿ ಎಂದೇ ಎಲ್ಲರೂ ಕರೆಯುವ ಅವನು ಬರುವುದಿಲ್ಲವೆಂದು ತಲೆಯಾಡಿಸಿದ. ತಮ್ಮ ಗೆರೆಯ ತನಕ ಹೋಗಿ ಅವನ ಹೆಗಲ ಮೇಲೆ ಕೈಹಾಕಿ ಕರೆತಂದ. ಅವನ ಜಾಗಕ್ಕೆ ಆ ಏಳರಲ್ಲೊಬ್ಬ, ಬೇಕರಿಯಲ್ಲಿ ಹಿಟ್ಟು ನಾದುವವನು ಹೋದ, ಹಿಂದೆಯೇ ಇನ್ನಿಬ್ಬರು. ಜನ ಕೂಗಾಡಿದರು. ತಮ್ಮನ ಕತ್ತು ಕೆಂಪಾಯಿತು, ತಿರುಗಿ ಮಾತ್ರ ನೋಡಲಿಲ್ಲ.

ಮುಗಿಯಲು ಆರು ನಿಮಿಷವಿದ್ದಾಗ ಬೇಕರಿಯವನು ಇಬ್ಬರನ್ನು ಹಿಂದೆ ಹಾಕಿ ಓಡಿ ಚೆಂಡನ್ನು ಬಲೆಗೆ ಸೇರಿಸಿದ. ಬೆಂಚಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದ ಗೂಳಿಯೇ ಎಲ್ಲರಿಗಿಂತ ಮೊದಲು ಎದ್ದು ಕುಣಿದ.

ಸೀಟಿ ಊದಿದ ಮೇಲೆ ತಮ್ಮ ಕಂಬಿ ದಾಟಿ ನನ್ನ ಪಕ್ಕ ಬಂದು ಕುಕ್ಕರಿಸಿದ.

"ಕೆಲಸ ಉಳೀತು ಅಕ್ಕಾ," ಎಂದವನೇ ಅತ್ತುಬಿಟ್ಟ.

ಐವತ್ತಾರು ವರ್ಷದ ಗಂಡಸಿನ ಮೂಗನ್ನು ಅಷ್ಟು ಜನರ ಎದುರು ನಾನೇ ಒರೆಸಬೇಕಾಯಿತು. ಬೇಡವೆಂದು ಮುಖ ತಿರುಗಿಸಲೂ ಇಲ್ಲ, ಭಂಡ.