ತಿಮ್ಮರಾಯಪ್ಪನ ನಾಟಕದ ಪ್ರತಿ

"ಇಲ್ಲೇ ಎಲ್ಲೋ ಇರ್ಬೇಕು ಅಜ್ಜಿ, ಒಂದ್ನಿಮಿಷ," ಎನ್ನುತ್ತ ಜಯಸಿಂಹ ನಾಟಕಗಳ ಬೀರುವಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಕೆಳಸಾಲಿನ ಪುಸ್ತಕಗಳನ್ನು ಒಂದೊಂದಾಗಿ ಎಳೆದು ನೋಡುತ್ತಿದ್ದ. ಜರಗನಹಳ್ಳಿಯಿಂದ ಬಿಸಿಲಿನಲ್ಲಿ ಬಂದಿದ್ದ ಅಂಜನಮ್ಮ ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಕುಳಿತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಗುರುಶಾಂತಪ್ಪನವರು ಮೇಜಿನ ಹಿಂದೆ ನಿಂತು ಇಬ್ಬರನ್ನೂ ನೋಡುತ್ತಿದ್ದರು. ಆಕೆ ಕೇಳಿ ಬಂದ ನಾಟಕದ ಪುಸ್ತಕ ಆ ಬೀರುವಿನಲ್ಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಎದುರು ಗೋಡೆಯ ಬೀರುವಿನಲ್ಲಿ, ದನಗಳ ಕಾಲುಬಾಯಿ ಜ್ವರದ ಪುಸ್ತಿಕೆಗಳ ಹಿಂದೆ ಅದನ್ನು ತಳ್ಳಿದವರು ಅವರೇ.

ಯಡಿಯೂರು ಕೆರೆಯ ಹತ್ತಿರದ ಈ ಪುಸ್ತಕ ಭಂಡಾರವೆಂದರೆ ಅವರಿಗೆ ಜೀವ. ಬೆಂಗಳೂರಿನ ಸುತ್ತಿನ ತಾಲ್ಲೂಕುಗಳಲ್ಲಿ ಅಚ್ಚಾದದ್ದು ಏನೇ ಇರಲಿ, ಹರಿಕಥೆಯ ಹಾಡಿನಿಂದ ಹಿಡಿದು ರಾಗಿ ಬೇಸಾಯದ ತಿಳುವಳಿಕೆಯವರೆಗೆ, ಅದರದೊಂದು ಪ್ರತಿ ಇಲ್ಲಿರಬೇಕು. ಯಾರು ಬೇಕಾದರೂ ಬಂದು ಕೂತು ಓದಬೇಕು. ಮನೆಗೆ ಮಾತ್ರ ಒಯ್ಯುವಂತಿಲ್ಲ. ಶಾಲೆಯ ಮೇಷ್ಟರಾಗಿದ್ದಾಗಿನಿಂದಲೂ ಭಾನುವಾರ ಬಂದರೆ ಸೈಕಲ್ ತುಳಿದು ಆನೇಕಲ್ಲು, ಕನಕಪುರ ಸುತ್ತಿ, ಕಂಡವರ ಅಟ್ಟ ಹತ್ತಿ, ಧೂಳು ಕುಡಿದು ಕೂಡಿಹಾಕಿದ್ದು. "ಗೆದ್ದಲಿಗೂ ನಿಮಗೂ ಒಂದೇ ಊಟ," ಎಂದು ಹೆಂಡತಿ ಬಸವಲಿಂಗಮ್ಮ ಹಂಗಿಸುತ್ತಿದ್ದಳು.

ಜಯಸಿಂಹ ಬಂದದ್ದು ಹೋದ ವರ್ಷ. ಕಾಲೇಜಿನಲ್ಲಿ ಪಾಠ ಹೇಳುವ ಹುಡುಗ, ಜಯನಗರದಲ್ಲಿ ಹೊಸದಾಗಿ ಮನೆ ಮಾಡಿದ್ದ. ಸಂಜೆ ಹೊತ್ತು ಕೈಲಾದ ಕೆಲಸ ಮಾಡಿಕೊಡುತ್ತೇನೆ ಎಂದಾಗ ಗುರುಶಾಂತಪ್ಪನವರಿಗೆ ಸಂತೋಷವೇ ಆಗಿತ್ತು. ಆಮೇಲೆ ನೋಡಿದರೆ, ಓದಲು ಬಂದವರೆಲ್ಲ ಹೊಸ್ತಿಲಲ್ಲೇ ನಿಂತು "ಜಯಸಿಂಹ ಇಲ್ವಾ ಸಾರ್?" ಎಂದು ಕೇಳತೊಡಗಿದರು. ಊಟಕ್ಕೆ ಕರೆದವನಿಗೇ ಎಲೆ ಇಲ್ಲದ ಹಾಗಾಯಿತು. ಗುರುಶಾಂತಪ್ಪನವರಿಗೆ ಆದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಏನಾದರೂ ಮರ್ಯಾದೆಯ ಹೆಸರಿಡಲು ಅವರು ನೋಡಿದರು, ಯಾವುದೂ ಹೊಂದಲಿಲ್ಲ.

ಅದರ ಮೇಲೆ ಈ ನಾಟಕ ಬೇರೆ. ಅಂಜನಮ್ಮನ ಗಂಡ ತಿಮ್ಮರಾಯಪ್ಪ ಬದುಕಿದ್ದಾಗ ಊರ ಹುಡುಗರಿಂದ ಆಡಿಸಲೆಂದು ಬರೆದು ಪೇಟೆಯಲ್ಲಿ ಅಚ್ಚು ಹಾಕಿಸಿದ್ದ. ಉಳಿದಿದ್ದ ಒಂದೇ ಒಂದು ಪ್ರತಿ ಆಕೆಯ ದೇವರ ಗೂಡಿನಲ್ಲಿತ್ತು. ಅದಕ್ಕಾಗಿ ಗುರುಶಾಂತಪ್ಪನವರು ಎಷ್ಟೋ ವರ್ಷ ಆ ಬಾಗಿಲಿಗೆ ಅಲೆದಿದ್ದರು. ಆಕೆ ಮಜ್ಜಿಗೆ ಕೊಡುತ್ತಿದ್ದಳು, ಪುಸ್ತಕ ಕೊಡಲಿಲ್ಲ. ಜಯಸಿಂಹ ಒಂದೇ ಸಲ ಹೋದವನು, ಬಿಳಿ ಬಟ್ಟೆಯಲ್ಲಿ ಸುತ್ತಿದ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟ.

"ಮೇಷ್ಟ್ರೇ, ನೀವು ಹೇಳ್ತಾನೇ ಇದ್ರಲ್ಲ, ಸಿಕ್ತು. ನಿಮ್ಮ ಕೈಯಿಂದಾನೇ ಬೀರುಗೆ ಸೇರ್ಲಿ," ಎಂದಿದ್ದ.

ಹಾಗೆಂದದ್ದಕ್ಕೇ ಅವರಿಗೆ ಇನ್ನಷ್ಟು ಉರಿಯಿತು. ಅವನು ಹೋದ ಮೇಲೆ ತೆರೆದೂ ನೋಡದೆ ಅದನ್ನು ದನದ ಕಾಯಿಲೆಗಳ ಹಿಂದೆ ತಳ್ಳಿದರು. ಹರಿಯಲಿಲ್ಲ, ಸುಡಲಿಲ್ಲ ಎಂದು ಸಮಾಧಾನವನ್ನೂ ಹೇಳಿಕೊಂಡರು. ಭಂಡಾರದಲ್ಲಿ ಜಾಗ ತಪ್ಪಿದ ಪುಸ್ತಕ ಸುಟ್ಟ ಪುಸ್ತಕಕ್ಕೆ ಸಮ ಎಂದು ಎಲ್ಲರಿಗೂ ಹೇಳಿಕೊಡುತ್ತಿದ್ದವರು ಅವರೇ.

ಈಗ ಜಯಸಿಂಹ ಪಕ್ಕದ ಬೀರುವಿಗೆ ಕೈಹಾಕಿದ. ಗುರುಶಾಂತಪ್ಪನವರಿಗೆ ತಡೆಯಲಾಗಲಿಲ್ಲ.

"ಅಲ್ಲ ಅಂಜನಮ್ಮ, ನಾನು ಅಷ್ಟು ಸಲ ಬಂದೆ, ಕೊಡ್ಲಿಲ್ಲ. ಅವ್ರಿಗೆ ಹೆಂಗೆ ಕೊಟ್ರಿ?"

"ನೀವು ಬೈದ್ರಲ್ಲ ಸಾಮಿ."

"ನಾನಾ?"

"ಮೊದಲ್ನೇ ಸಲ ಬಂದಾಗ. ಸುಕ್ರವಾರ ಸುಕ್ರವಾರ ಪುಸ್ತಕಕ್ಕೆ ಅರಿಸ್ನ ಕುಂಕುಮ ಇಡ್ತಿದ್ದೆ. ಓದಕ್ ಬರ್ದಿರೋರ ಕೈಗೆ ಸಿಕ್ಕಿದ್ರೆ ಇಂಗೇ ಹಾಳಾಗೋದು ಅಂದ್ರಿ. ದಿಟಾನೇ, ನಂಗೆ ಓದಕ್ ಬರಾಕಿಲ್ಲ. ಅದ್ರಾಗೆ ಏನೈತೆ ಅಂತಾನೂ ಗೊತ್ತಿರ್ಲಿಲ್ಲ. ಊರಾಗೆ ನಾಟ್ಕ ಆಡಿದ್ದು ನಾನು ಮದ್ವೆಯಾಗಿ ಬರಾಕೆ ಮುಂಚೆ." ಆಕೆ ಜಯಸಿಂಹನ ಬೆನ್ನಿನ ಕಡೆ ನೋಡಿದಳು. "ಈ ಮಗ ಜಗಲಿ ಮ್ಯಾಲೆ ಕೂತು ಪೂರ್ತಿ ಓದಿ ಹೇಳ್ತು. ನಮ್ಮೆಜಮಾನ್ರು ಮನೇಲಿ ಮಾತೇ ಆಡ್ತಿರ್ಲಿಲ್ಲ ಸಾಮಿ. ಅಂಗೆಲ್ಲ ನಗ್ಸೋರು ಅಂತ ಅವತ್ತೇ ಗೊತ್ತಾಗಿದ್ದು. ಇನ್ನೊಂದ್ಸಲ ಕೇಳಾನ ಅಂತ ಬಂದೆ."

ಹಾಗೆ ಅಂದದ್ದು ಗುರುಶಾಂತಪ್ಪನವರಿಗೆ ನೆನಪೇ ಇರಲಿಲ್ಲ. ಅರಿಶಿನ ಕುಂಕುಮದಿಂದ ಕಾಗದ ಕೆಡುತ್ತದೆ ಎಂದು ಅವರು ಎಷ್ಟೋ ಮನೆಗಳಲ್ಲಿ ಹೇಳಿದ್ದರು, ಅದು ಸುಳ್ಳೂ ಅಲ್ಲ.

ಜಯಸಿಂಹ ಎದ್ದು ಕೈ ಕೊಡವಿಕೊಂಡ. "ಸಿಗ್ತಾ ಇಲ್ವಲ್ಲ ಅಜ್ಜಿ," ಎಂದ, ಮುಖ ಸಪ್ಪಗಾಗಿತ್ತು.

ಅಂಜನಮ್ಮ ಕೈಚೀಲ ಎತ್ತಿಕೊಂಡಳು. "ಗೂಡ್ನಾಗೇ ಇದ್ದಿದ್ರೆ ಇರ್ತಿತ್ತು," ಎಂದು ಯಾರಿಗೂ ಹೇಳದವಳಂತೆ ಅಂದು ಬಾಗಿಲ ಕಡೆ ತಿರುಗಿದಳು.

ಗುರುಶಾಂತಪ್ಪನವರು ಮೇಜಿನ ಹಿಂದಿನಿಂದ ಬಂದರು. ಹುಡುಕುವ ನಾಟಕವನ್ನಾದರೂ ಆಡಬಹುದಿತ್ತು, ಅದೂ ತೋಚಲಿಲ್ಲ. ನೇರವಾಗಿ ಎದುರು ಬೀರುವಿಗೆ ಹೋಗಿ, ಪುಸ್ತಿಕೆಗಳ ಹಿಂದೆ ಕೈ ತೂರಿಸಿ, ಬಿಳಿ ಬಟ್ಟೆಯ ಗಂಟನ್ನು ಹೊರಗೆಳೆದರು.

ಜಯಸಿಂಹ ಅವರ ಕೈಯನ್ನು ನೋಡಿದ, ಆಮೇಲೆ ಮುಖವನ್ನು. ಅವನಿಗೆ ಗೊತ್ತಾಯಿತು. ಅವನಿಗೆ ಗೊತ್ತಾದದ್ದು ಇವರಿಗೂ ಗೊತ್ತಾಯಿತು. ಬೈಯಲಿ, ಊರಿಗೆಲ್ಲ ಹೇಳಲಿ, ಲೆಕ್ಕ ಚುಕ್ತಾ ಆಗಲಿ ಎಂದು ಗುರುಶಾಂತಪ್ಪನವರು ಕಾದು ನಿಂತರು.

"ಅಯ್ಯೋ, ನಂದೇ ತಪ್ಪು ಅಜ್ಜಿ," ಎಂದ ಜಯಸಿಂಹ. "ಅವತ್ತು ನಾನೇ ಅಲ್ಲಿಟ್ಟು ಮರ್ತಿದ್ದೀನಿ."

ಅಂಜನಮ್ಮ ಅವನ ಬೆನ್ನಿಗೊಂದು ಏಟು ಕೊಟ್ಟಳು. "ಎಲ್ಲೋ ಮಡಗ್ಬುಟ್ಟು ಎಲ್ಲೋ ಹುಡುಕ್ತೀಯಲ್ಲೋ ಮೂದೇವಿ. ಅಷ್ಟು ಓದಿ ಏನ್ ಬಂತು ನಿಂಗೆ? ನಾಳೆ ಕಟ್ಕೊಂಡೋಳ್ನೂ ಸಂತೇಲಿ ಮರ್ತು ಬರ್ತೀಯ." ಅಷ್ಟು ಬೈದು, ಗುರುಶಾಂತಪ್ಪನವರ ಕಡೆ ತಿರುಗಿ, ದೂರದಿಂದಲೇ ಕೈಮುಗಿದಳು. "ನೀವಿದ್ದಿದ್ಕೆ ಸಿಕ್ತು ಸಾಮಿ."

ಆ ಬೈಗುಳದ ಮೇಲೂ ಗುರುಶಾಂತಪ್ಪನವರಿಗೆ ಹೊಟ್ಟೆಕಿಚ್ಚಾಯಿತು. ಮಾಡಿದ್ದು ಇವರು, ಬೈಸಿಕೊಂಡದ್ದು ಅವನು. ನ್ಯಾಯವಾಗಿ ಆ ಏಟು ತಮ್ಮ ಬೆನ್ನಿಗೆ ಬೀಳಬೇಕಿತ್ತು.

ಜಯಸಿಂಹ ಗಂಟು ಬಿಚ್ಚಿ ಪುಸ್ತಕವನ್ನು ಅವರ ಮುಂದೆ ಹಿಡಿದ. ರಟ್ಟಿನ ಮೇಲೆ ಹಳೆಯ ಕುಂಕುಮ ಒಣಗಿ ಕಂದಾಗಿತ್ತು.

"ನೀವೇ ಓದಿ ಮೇಷ್ಟ್ರೇ."

"ಕನ್ನಡಕ ಮನೇಲಿದೆ," ಎಂದರು ಗುರುಶಾಂತಪ್ಪನವರು. ಕನ್ನಡಕ ಮೂಗಿನ ಮೇಲೇ ಇತ್ತು.

ಜಯಸಿಂಹ ಬೆಂಚಿನ ಮೇಲೆ ಅಂಜನಮ್ಮನ ಪಕ್ಕ ಕುಳಿತು ಓದತೊಡಗಿದ. ಗುರುಶಾಂತಪ್ಪನವರು ಅವರಿಬ್ಬರಿಗೂ ಬೆನ್ನು ಹಾಕಿ ದನಗಳ ಕಾಯಿಲೆಯ ಪುಸ್ತಿಕೆಗಳನ್ನು ಜೋಡಿಸುತ್ತ ನಿಂತರು. ಜೋಡಿಸಿಯಾದದ್ದನ್ನು ತೆಗೆದು ಮತ್ತೆ ಜೋಡಿಸಿದರು. ಎರಡನೆಯ ಪುಟದಲ್ಲೇ ಅಂಜನಮ್ಮನಿಗೆ ನಗು ಬಂತು, ಸೆರಗು ಬಾಯಿಗೊತ್ತಿಕೊಂಡರೂ ನಿಲ್ಲಲಿಲ್ಲ. ನಾಟಕದಲ್ಲಿ ನಗಿಸುವ ಸಾರಥಿಯ ಮಾತು ಮುಗಿಸಿ ಜಯಸಿಂಹ ಪುಟ ತಿರುವಿದಾಗ ಬೀರುವಿನೊಳಗಿದ್ದ ಗುರುಶಾಂತಪ್ಪನವರ ಕೈ ಹಾಗೇ ನಿಂತಿತ್ತು, ಮುಂದಿನ ಮಾತಿಗಾಗಿ.