ಸೋದರತ್ತೆಯ ಹಡಗು ಬರುವವರೆಗೆ

ಮಗನ ಪಕ್ಕೆಲುಬಿನ ಕೆಳಗೆ ಮತ್ತೆ ಗುಳಿ ಬಿತ್ತು, ಉಸಿರು ಎಳೆದಾಗಲೆಲ್ಲ ಬೀಳುತ್ತದೆ, ನನ್ನ ಹೆಬ್ಬೆರಳು ಹಿಡಿಸುವಷ್ಟು ಗುಳಿ, ನೋಡಬಾರದು ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತದೆ, ತವಾಕೆ, ನನ್ನ ಕಂದಾ, ಸ್ವಲ್ಪ ನಿಧಾನಕ್ಕೆ ಉಸಿರಾಡೋ — ಮೂಗಿನ ಕೊಳವೆಯಲ್ಲಿ ಆಕ್ಸಿಜನ್ ಸುಯ್ಯೆನ್ನುತ್ತಿದೆ, ಆದರೂ ತುಟಿ ಕಪ್ಪಿಟ್ಟಿದೆ, ಮಂಚದ ಆ ಕಡೆ ಗಂಡನ ಅಕ್ಕ ಮೆಲೆಯಾನೆ ಅತ್ತಿಗೆ, ಹೊರಗೆ ಹೊರಡುವಾಗ ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿದ ಚಾಪೆಯನ್ನೂ ಬಿಚ್ಚದೆ ಬೀಸಣಿಗೆ ಬೀಸುತ್ತಲೇ ಇದ್ದಾರೆ, ಗಾಜಿನ ಬಾಗಿಲಾಚೆ ನನ್ನ ಗಂಡ ಹೆನೆಲೆ, ನಮ್ಮ ಪದ್ಧತಿಯಲ್ಲಿ ಅಕ್ಕ ಇರುವ ಮಲಗುವ ಕೋಣೆಗೆ ತಮ್ಮ ಕಾಲಿಡುವಂತಿಲ್ಲ, ಆಸ್ಪತ್ರೆಯಾದರೇನು, ಮಂಚ ಇದೆಯಲ್ಲ, ಮಗನ ಮುಖ ನೋಡಲು ಕತ್ತು ಚಾಚುತ್ತಾನೆ, ಅಕ್ಕನ ಬೆನ್ನು ಕಂಡ ಕೂಡಲೇ ತಲೆ ತಗ್ಗಿಸುತ್ತಾನೆ, ಸ್ವಲ್ಪ ಹೊರಗಿರಿ ಅತ್ತಿಗೆ ಅನ್ನಲು ನಾನ್ಯಾರು, ನಮ್ಮ ಟೋಂಗಾದಲ್ಲಿ ಮಗುವಿಗೆ ಸೋದರತ್ತೆಗಿಂತ ದೊಡ್ಡವರುಂಟೇ, ಹೆಸರಿಟ್ಟವರೂ ಅವರೇ, ತಡೆದವರೂ ಅವರೇ — ಲೋಸಾ ನರ್ಸ್ ಐಸ್ ಪೆಟ್ಟಿಗೆ ಹೊತ್ತು ಚರ್ಚಿನ ಹಾಲ್‌ಗೆ ಬಂದ ದಿನ, ಹೊಸ ಲಸಿಕೆ ಕಣೇ ಸೆಲಾ, ನ್ಯುಮೋನಿಯಾಕ್ಕೆ, ತೊಡೆಗೆ ಒಂದು ಚುಚ್ಚು ಅಷ್ಟೇ ಅಂದಳು, ನಾನು ಮಗುವಿನ ಬಟ್ಟೆ ಸರಿಸಿಯೂ ಆಗಿತ್ತು, ಅಷ್ಟರಲ್ಲಿ ವವಾವು ದ್ವೀಪದಿಂದ ಅತ್ತಿಗೆಯ ಫೋನು, ತಡೀರೇ, ಹುಟ್ಟಿದಾಗ ಹಾಕಿದ ಸೂಜಿಗೂ ನಾನಿರ್ಲಿಲ್ಲ, ಇದಕ್ಕಾದ್ರೂ ನನ್ನ ಮಡಿಲಲ್ಲೇ ಕೂರಿಸ್ಬೇಕು, ನಾಳಿದ್ದು ಹಡಗಿಗೆ ಬಂದೆ ಅನ್ಕೊಳ್ಳಿ, ನನ್ನ ಕೈಲಿದ್ರೆ ಆ ಸೂಜಿನೇ ಹೆದರ್ಕೊಳ್ಳತ್ತೆ ನೋಡ್ತಿರಿ, ಎಂದು ನಕ್ಕರು, ನಾನೂ ನಕ್ಕೆ, ಲೋಸಾ ನನ್ನ ಮುಖ ನೋಡಿದಳು, ಅವಳೂ ಯಾರಿಗೋ ಸೋದರತ್ತೆಯೇ, ಸರಿ ಬಿಡು, ಮುಂದಿನ ಸಲ ಹಾಕೋಣ ಅಂದಳು.

ಗಾಳಿ ಎದ್ದು ಹಡಗು ನಿಂತಿತು, ಅತ್ತಿಗೆ ಬಂದಿಳಿದಾಗ ಐಸ್ ಪೆಟ್ಟಿಗೆ ಬೇರೆ ದ್ವೀಪಕ್ಕೆ ಹೋಗಿಯಾಗಿತ್ತು, ಹಂದಿ ಸುಟ್ಟೆವು, ಗೆಣಸು ಬೇಯಿಸಿದೆವು, ತವಾಕೆ ಅವರ ಮಡಿಲಲ್ಲಿ ಉಚ್ಚೆ ಹೊಯ್ದ, ಅಯ್ಯೋ ರಾಜಾ, ಇದಕ್ಕೇ ಅಲ್ವೇನೋ ಅಷ್ಟು ದೂರದಿಂದ ಬಂದಿದ್ದು ಎಂದು ಎಲ್ಲರಿಗೂ ಉಡುಗೊರೆ ತೋರಿಸಿದ ಹಾಗೆ ಒದ್ದೆ ಬಟ್ಟೆ ತೋರಿಸಿದರು, ಆಮೇಲೆ ಕೆಮ್ಮು, ಆಮೇಲೆ ಈ ಗುಳಿ — ಸಿಟ್ಟು ಬರುತ್ತದೆ, ಯಾರ ಮೇಲೆ ಕಾರಲಿ, ಇವರೂ ಮೂರು ಹೊತ್ತಿನಿಂದ ಊಟ ಮಾಡಿಲ್ಲ, ಬೇರೆಯವರಾಗಿದ್ದರೆ ಬೈಯಬಹುದಿತ್ತು — ಡಾಕ್ಟರ್ ಬಂದರು, ಔಷಧಿ ಸಾಕಾಗ್ತಿಲ್ಲಮ್ಮ, ಗಂಟಲೊಳಗೆ ಕೊಳವೆ ಹಾಕಿ ಉಸಿರಾಟದ ಯಂತ್ರಕ್ಕೆ ಜೋಡಿಸ್ಬೇಕು, ಅಪಾಯ ಇಲ್ಲ ಅನ್ನಲ್ಲ, ಬಿಟ್ಟರೆ ಇನ್ನೂ ಅಪಾಯ, ಬೇಗ ಹೇಳಿ, ಹಾಕಲಾ ಅಂದರು, ನಾನು ಅಭ್ಯಾಸದಂತೆ ಅತ್ತಿಗೆಯ ಕಡೆ ತಿರುಗಿದೆ, ಹೆನೆಲೆಯೂ ಗಾಜಿನಾಚೆಯಿಂದ ಅವರ ಬೆನ್ನನ್ನೇ ನೋಡುತ್ತಿದ್ದಾನೆ, ಬೀಸಣಿಗೆ ನಿಂತಿತು, ಅತ್ತಿಗೆ ಎದ್ದರು, ಎದ್ದು ಬಂದು ನೆಲದ ಮೇಲೆ, ದೇವರೇ, ನನ್ನ ಕಾಲ ಹತ್ತಿರ ಕೂತುಬಿಟ್ಟರು, ನಂಗೆ ಧೈರ್ಯ ಇಲ್ಲ ಸೆಲಾ, ನಾನು ಹೇಳಿದ್ದಕ್ಕೇ ಹೀಗಾಯ್ತು, ನೀನೇ ಹೇಳಮ್ಮ, ನೀನು ತಾಯಿ ಅಂದರು, ಏಳಿ ಅತ್ತಿಗೆ, ಕೆಳಗೆ ಕೂರಬೇಡಿ, ಹೆನೆಲೆ ನೋಡ್ತಿದ್ದಾನೆ — ಹೂಂ ಅನ್ನಬೇಕು, ಒಂದು ಹೂಂ, ಅಷ್ಟೇ, ಇಷ್ಟು ದಿನ ಯಾರೂ ಕೇಳದ ಬಾಯಿ, ಬೇಕಾದಾಗ ತೆರೆಯುತ್ತಿಲ್ಲ, ಸೆಲಾ, ಡಾಕ್ಟರ್ ಕರೆಯುತ್ತಿದ್ದಾರೆ, ಸೆಲಾ, ಕೇಳಿಸ್ತಾ, ಗುಳಿ ಬಿತ್ತು, ಇನ್ನೂ ತುಂಬಿಲ್ಲ, ಉಸಿರು ಬಿಡು ಕಂದಾ, ಗುಳಿ —