ಪೆಡಲ್ ಒತ್ತಲು ಒಬ್ಬರು

"ಈ ಪೆಟ್ಟಿಗೇನ ಹೊತ್ಕೊಂಡಿರೋದು ನಾನೊಬ್ಬನೇ ಕಣ್ರೋ! ನೀವು ಐದು ಜನ ಅದಕ್ಕೆ ಜೋತು ಬಿದ್ದಿದ್ದೀರ, ಅಷ್ಟೇ."

ಶವಪೆಟ್ಟಿಗೆಯ ಮುಂದಿನ ಹಿಡಿ ಹಿಡಿದಿದ್ದ ಕ್ಲಾರಿ ಉಬ್ಬಸದ ನಡುವೆಯೇ ಬಡಾಯಿ ಕೊಚ್ಚಿದ.

"ಹಾಗಾದ್ರೆ ನಾವು ಕೈ ಬಿಡ್ತೀವಪ್ಪ," ಎಂದಳು ಹಿಂದಿದ್ದ ಪಬ್ಬಿನ ಡಾಟ್. "ಮರ್ವ್ ಜಾರ್ಕೊಂಡು ಹೋಗಿ ಸಮುದ್ರ ಸೇರ್ಲಿ."

ಕಾರ್ಬಿ ಹಿಲ್‌ನ ಆ ರಸ್ತೆ, ಗೋಡೆಗೆ ಡಾಂಬರು ಬಳಿದ ಹಾಗಿತ್ತು. ಚರ್ಚಿನ ಬಾಗಿಲಲ್ಲಿ ಆಕಳಿಸಿದವನು ಬಾಯಿ ಮುಚ್ಚುವಷ್ಟರಲ್ಲಿ ತಳದ ತಾಮ್ರದ ಗಣಿಯಲ್ಲಿರುತ್ತಿದ್ದ. ಅಂಥ ಊರಿನ ಕಾರುಗಳಿಗೆಲ್ಲ ಬ್ರೇಕು ಹಾಕಿಕೊಟ್ಟವನು ಮರ್ವ್. ಹೆಂಡತಿ ಎಡ್ನಾ ಸತ್ತ ಮೇಲೆ ಮಾತ್ರ, ಅವನು ರಿಪೇರಿ ಮಾಡಿದ ಕಾರುಗಳು ಗಟ್ಟಿಯಾಗಿ ನಿಲ್ಲುವುದಿಲ್ಲ, ಮುದುಕನ ಕೈ ಸೋತಿದೆ ಎಂದು ಊರು ಆಡಿಕೊಳ್ಳುತ್ತಿತ್ತು. ಕಳೆದ ಶುಕ್ರವಾರ ಅವನು ಎದೆ ಹಿಡಿದುಕೊಂಡು ಸತ್ತದ್ದು ಕ್ಲಾರಿಯ ಕಾರಿನ ಕೆಳಗೇ.

ಆ ಸಾವಿನ ಕತೆಯನ್ನು ಕ್ಲಾರಿ ದಿನಕ್ಕೊಂದು ಗೇಣು ಬೆಳೆಸಿದ್ದ. ಮೊದಲ ದಿನ ಮರ್ವ್‌ನ ಕೈ ಹಿಡಿದಿದ್ದ. ಮರುದಿನ ಅವನ ತಲೆ ತನ್ನ ತೊಡೆಯ ಮೇಲಿತ್ತು. ಈಗ ಮರ್ವ್ ಕಣ್ಣು ಮುಚ್ಚುವ ಮುನ್ನ ಒಂದು ಹಾಡನ್ನೂ ಪೂರ್ತಿ ಹೇಳಿ ಮುಗಿಸಿದ್ದ.

ಪರ್ತ್‌ನಿಂದ ಬಂದಿದ್ದ ಮರ್ವ್‌ನ ಮಗಳು ಬ್ರಿಯೋನಿ ಗುಂಡಿಯ ಬಳಿ ಕ್ಲಾರಿಯ ತೋಳು ಹಿಡಿದಳು.

"ಕ್ಲಾರಿ ಅಂಕಲ್, ಅಪ್ಪ ಒಬ್ನೇ ಇರ್ಲಿಲ್ಲ ತಾನೇ? ನಂಗೆ ಅದೊಂದು ಗೊತ್ತಾದ್ರೆ ಸಾಕು."

"ಒಬ್ನೇನಾ? ನಾನಿದ್ನಲ್ಲಮ್ಮ! ಸೀಟಲ್ಲಿ ಕೂತು ಪೆಡಲ್ ಒತ್ತಾ ಇದ್ದೆ. 'ನನ್ ಮಗಳಂಥ ಮಗಳು ಆಸ್ಟ್ರೇಲಿಯಾದಲ್ಲೇ ಇಲ್ಲ' ಅಂದ. ಆಮೇಲೇ ಉಸಿರು ಬಿಟ್ಟಿದ್ದು."

ಬ್ರಿಯೋನಿ ವಿಮಾನ ಹತ್ತಿದಾಗಿನಿಂದ ತಡೆದುಕೊಂಡಿದ್ದ ಅಳುವನ್ನು ಆಗ ಅತ್ತಳು. ಕ್ಲಾರಿಗೆ ತನ್ನ ಮಾತು ತನಗೇ ನಿಜವೆನ್ನಿಸಿತು.

*

ಮರ್ವ್ ಸಾಯುವುದಕ್ಕೆ ಎರಡು ದಿನ ಮುಂಚೆ, ಬುಧವಾರ, ಕ್ಲಾರಿಯ ಕಾರು ದೂರದ ಮೆಲ್ಬರ್ನಿನ ನಾಯಿಗಳೆಲ್ಲ ಎದ್ದು ಬೊಗಳುವಂತೆ ಚೀರಿ, ಮರ್ವ್‌ನ ಷೆಡ್ಡನ್ನು ದಾಟಿ ಹೋಗಿ ನಿಂತಿತ್ತು.

"ಹೋದ ತಿಂಗಳು ನೀನೇ ಹಾಕಿದ ಬ್ರೇಕು ಕಣಯ್ಯಾ! ಕೊಲ್ಬೇಕು ಅಂತಿದ್ಯಾ ನನ್ನ?"

ಮರ್ವ್ ಒಳಗೆ ಕೂತು ಒಮ್ಮೆ ಪೆಡಲ್ ಒತ್ತಿ ನೋಡಿದ.

"ಚೀರೋದಕ್ಕೆ ಹೆದರ್ಬೇಡ. ಬ್ರೇಕ್ ಪ್ಯಾಡ್ ಹಿಂದೆ ಗ್ರೀಸ್ ಒಣಗಿದೆ, ಬಳಿದುಕೊಡ್ತೀನಿ. ಆದ್ರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತೆ ನೋಡು, ಬ್ರೇಕ್ ಎಣ್ಣೆಯ ಪೈಪಲ್ಲಿ ಗಾಳಿ ಉಳಿದಿದೆ. ಅದನ್ನ ತೆಗೆಯೋಕೆ ಎರಡು ಜನ ಬೇಕು. ಒಬ್ರು ಪೆಡಲ್ ಒತ್ತಿ ಹಿಡೀಬೇಕು, ಇನ್ನೊಬ್ರು ಕೆಳಗೆ ಮಲಗಿ ಗಾಳಿ ಹೊರಗೆ ಬಿಡೋ ನಟ್ಟು ಸಡಿಲಿಸ್ಬೇಕು. ಎಡ್ನಾ ಒತ್ತೋಳು."

"ಈಗ?"

"ಈಗ ಸಲಸಲಕ್ಕೂ ತೆವಳಿ ಈಚೆ ಬರ್ತೀನಿ, ಮತ್ತೆ ತೆವಳಿ ಒಳಗೆ ಹೋಗ್ತೀನಿ. ಆದ್ರೂ ಒಂಚೂರು ಗಾಳಿ ಉಳಿದ್ಬಿಡುತ್ತೆ." ಮರ್ವ್ ಕೈ ಒರೆಸಿಕೊಂಡ. "ಕಾರು ಇಲ್ಲೇ ಬಿಟ್ಟಿರು. ಶುಕ್ರವಾರ ಬೆಳಿಗ್ಗೆ ಬಂದು ಒಂದರ್ಧ ಗಂಟೆ ಕೂರ್ತೀಯಾ ಮಾರಾಯ?"

"ಅರ್ಧ ಗಂಟೆನಾ? ಅರ್ಧ ವರ್ಷ ಕೂರ್ತೀನಿ!"

*

ಮಣ್ಣು ಮಾಡಿ ಬಂದವರು ಮರ್ವ್‌ನ ಷೆಡ್ಡಿನಲ್ಲೇ ನಿಂತು ಸಾಸೇಜ್ ರೋಲ್ ತಿನ್ನುತ್ತಿದ್ದರು. ಕ್ಲಾರಿಯ ಕಾರು ಇನ್ನೂ ನೆಲದಿಂದ ಎತ್ತಿ ಹಿಡಿದ ಕಬ್ಬಿಣದ ಸ್ಟ್ಯಾಂಡಿನ ಮೇಲೇ ಇತ್ತು. ಬ್ರಿಯೋನಿ ಸುಮ್ಮನೆ ಅದರ ಬಾಗಿಲು ತೆರೆದವಳು ಅಲ್ಲೇ ನಿಂತುಬಿಟ್ಟಳು.

"ಇದೇನು, ಅಂಕಲ್?"

ಸೀಟಿಗೂ ಬ್ರೇಕ್ ಪೆಡಲಿಗೂ ನಡುವೆ ಒಂದು ಪೊರಕೆಯ ಕೋಲು ಬಿಗಿಯಾಗಿ ಸಿಕ್ಕಿಸಿತ್ತು.

"ಅದಾ? ನನ್ ಕಾಲಿನ ಬಲ ಮರ್ವ್‌ಗೆ ಗೊತ್ತಲ್ಲ! ನಾನು ಒತ್ತಿದ್ರೆ ಪೆಡಲ್ಲೇ ಕಿತ್ಕೊಂಡು ಹೋದೀತು ಅಂತ ಕೋಲಿಟ್ಟ."

ಡಾಟ್ ನಕ್ಕಳು. ಬ್ರಿಯೋನಿ ನಗಲಿಲ್ಲ.

"ನೀವು ಸೀಟಲ್ಲಿ ಕೂತಿದ್ರಿ ಅಂದ್ರಲ್ಲ. ಕೋಲು ನಿಮ್ಮ ಹೊಟ್ಟೆಯೊಳಗಿಂದ ಹಾದುಹೋಗಿತ್ತಾ?"

ಕ್ಲಾರಿ ಕೋಲಿನತ್ತ ಬಗ್ಗಿ ನೋಡಿದ. 

"ಪಬ್ಬಲ್ಲಿದ್ದೆ," ಎಂದ. "ಟಿವೀಲಿ ಕುದುರೆ ರೇಸಿತ್ತು. ಇನ್ನೊಂದು ಓಟ ನೋಡ್ಕೊಂಡು ಹೋಗೋಣ, ಇನ್ನೊಂದು ನೋಡ್ಕೊಂಡು ಹೋಗೋಣ ಅಂತ... ಸಂಜೆ ಬಂದೆ. ಕಾರಿನ ಕೆಳಗೆ ಬೂಟು ಕಾಣಿಸ್ತು. ಮುಟ್ಟಿದ್ರೆ ತಣ್ಣಗಿದ್ದ."

"ಮತ್ತೆ, ಅಪ್ಪ ನನ್ನ ಬಗ್ಗೆ ಹೇಳಿದ್ದು?"

"ಏನು ಹೇಳಿದ್ನೋ ಗೊತ್ತಿಲ್ಲಮ್ಮ. ಕೇಳಿಸ್ಕೊಳ್ಳೋಕೆ ನಾನಿರ್ಲಿಲ್ಲ."

ಬ್ರಿಯೋನಿ ಉಳಿದವರತ್ತ ತಿರುಗಿದಳು. "ನಿಮ್ಮಲ್ಲಿ ಯಾರಾದ್ರೂ ಬಂದು ಕೂರ್ತಿದ್ರಾ? ಯಾವತ್ತಾದ್ರೂ?"

ಎಲ್ಲರೂ ತಂತಮ್ಮ ತಟ್ಟೆ ನೋಡಿಕೊಂಡರು. ಡಾಟ್ ಕೈಲಿದ್ದ ರೋಲನ್ನು ಬೆಂಚಿನ ಮೇಲಿಟ್ಟಳು.

ಬ್ರಿಯೋನಿ ಕೋಲನ್ನು ಮೆಲ್ಲಗೆ ಬಿಡಿಸಿ ಈಚೆ ತೆಗೆದಳು. ಯಾರ ಸೀಟೂ ಹರಿಯದಿರಲೆಂದು ಅದರ ಒಂದು ತುದಿಗೆ ಎಡ್ನಾಳ ಉಣ್ಣೆಯ ಕಾಲುಚೀಲ ಸುತ್ತಿ ದಾರದಿಂದ ಬಿಗಿದು ಕಟ್ಟಿತ್ತು. ಇನ್ನೊಂದು ತುದಿ, ವರ್ಷಗಳಿಂದ ಒತ್ತಿ ಒತ್ತಿ, ಪೆಡಲಿನ ಗೆರೆಗಳನ್ನೆಲ್ಲ ತನ್ನ ಮೈಗೆ ಇಳಿಸಿಕೊಂಡು ಸವೆದಿತ್ತು.